ನಿಂತ ಗಾಡಿಯ ಊಟದ ಲೆಕ್ಕ

(ದಾವಣಗೆರೆಯಲ್ಲಿ ಟ್ಯಾಕ್ಸಿ, ಗೂಡ್ಸ್ ವಾಹನ ಮತ್ತು ಸಂಚಾರಿ ತಿಂಡಿಗಾಡಿ ಮಾಲೀಕರ ಎದುರು ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

"ಅಣ್ಣಾ, ಇದಕ್ಕಿಂತ ದೊಡ್ಡದು ಯಾವುದೈತಿ, ಅದನ್ನ ಹಾಕಿಬಿಡು." ಪಿ.ಬಿ. ರಸ್ತೆಯ ನನ್ನ ಅಂಗಡಿಗೆ ಬ್ಯಾಟರಿ ಕೇಳಿಕೊಂಡು ಬರುವವರಲ್ಲಿ ಬಹಳ ಜನರ ಮೊದಲ ಮಾತು ಇದೇ. ಒಂದು ಚುನಾವಣೆಯ ಕಾಲದಲ್ಲಿ ಪ್ರಚಾರದ ಮೈಕ್ ಗಾಡಿ ಓಡಿಸುತ್ತಿದ್ದ ಹುಡುಗನೂ ಹೀಗೇ ಕೇಳಿದ. ಹಳೇ ಓಮ್ನಿ, ಮೇಲೆ ಎರಡು ಹಾರನ್, ಒಳಗೆ ನೂರು ವಾಟಿನ ಆಂಪ್ಲಿಫೈಯರ್. ಹಳ್ಳಿ ಕಟ್ಟೆಯ ಮುಂದೆ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಎರಡು ತಾಸು ಹಾಡು, ಭಾಷಣ. ಹೊರಡೋಣವೆಂದರೆ ಸೆಲ್ಫ್ ಟಕ್ ಟಕ್ ಅನ್ನುತ್ತಿತ್ತು. ವೋಟು ಕೇಳಲು ಹೋದವರು ಮೊದಲು ಗಾಡಿ ತಳ್ಳಿರಪ್ಪಾ ಎಂದು ಕೈ ಮುಗಿಯಬೇಕಾಗಿತ್ತು. 35 ಎ.ಎಚ್. (ಆಂಪಿಯರ್-ಅವರ್, ಬ್ಯಾಟರಿಯ ಹೊಟ್ಟೆಯ ಅಳತೆ) ಬ್ಯಾಟರಿ ತೆಗೆದು, ಟ್ರೇ ಅಗಲ ಮಾಡಿ, 50 ಎ.ಎಚ್. ಕೂರಿಸಿ ಕಳಿಸಿದೆ. ನಾಲ್ಕೇ ತಿಂಗಳಿಗೆ ಅದೂ ಸತ್ತಿತು. ಹುಡುಗ ಕಂಪನಿಯವರನ್ನು ಬೈದ. ಕಂಪನಿಯವರದೇನೂ ತಪ್ಪಿರಲಿಲ್ಲ. ಗಾಡಿ ನಿಂತಲ್ಲಿ ಎಷ್ಟು ತಿನ್ನುತ್ತದೆ ಎಂದು ಕೇಳದೆ ಬ್ಯಾಟರಿ ಕೊಟ್ಟವನು ನಾನು.

ಸೆಲ್ಫ್ ಹೊಡೆದಾಗ ಏನಾಗುತ್ತದೆ ನೋಡಿ. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟಾರ್ 150 ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ಕೇಳಿದರೆ ಗಾಬರಿಯಾಗುವ ಅಂಕಿ. ಆದರೆ ಎಳೆಯುವುದು ಎರಡು ಸೆಕೆಂಡು. 150ನ್ನು 2ರಿಂದ ಗುಣಿಸಿ, ತಾಸಿನ 3600 ಸೆಕೆಂಡಿನಿಂದ ಭಾಗಿಸಿದರೆ ಸಿಗುವುದು 0.08 ಎ.ಎಚ್. ಡೀಸೆಲ್ ಗಾಡಿ 300 ಆಂಪಿಯರಿನಂತೆ ಮೂರು ಸೆಕೆಂಡು ಎಳೆದರೂ ಕಾಲು ಎ.ಎಚ್. ಖರ್ಚು. ಇಂಜಿನ್ ಹತ್ತಿದ ಮೇಲೆ ಆಲ್ಟರ್ನೇಟರ್, ನಮ್ಮ ಹಳಬರ ಬಾಯಲ್ಲಿ ಇನ್ನೂ ಡೈನಮೋ, ಅಷ್ಟನ್ನು ಕೆಲವೇ ನಿಮಿಷಗಳಲ್ಲಿ ತುಂಬಿಕೊಡುತ್ತದೆ. ಅಂದರೆ ಕಾರಿನ ಬ್ಯಾಟರಿ ವರ್ಷಪೂರ್ತಿ ತುಂಬಿದ ಹೊಟ್ಟೆಯಲ್ಲೇ ಇರುತ್ತದೆ, ಹಾಗಿರಲೆಂದೇ ಅದನ್ನು ಮಾಡಿದ್ದಾರೆ. ಆ ಹುಡುಗನ ಆಂಪ್ಲಿಫೈಯರ್ ಜೋರಾಗಿ ಕೂಗಿದಾಗ ಎಳೆಯುವುದು ಎಂಟು-ಹತ್ತು ಆಂಪಿಯರ್ ಮಾತ್ರ, ಸೆಲ್ಫಿನ ಮುಂದೆ ಅದು ಲೆಕ್ಕಕ್ಕಿಲ್ಲ. ಆದರೆ ಎರಡು ತಾಸಿಗೆ ಹದಿನಾರರಿಂದ ಇಪ್ಪತ್ತು ಎ.ಎಚ್. ಆಯಿತು. ಇನ್ನೂರು ಸಲ ಸೆಲ್ಫ್ ಹೊಡೆದಷ್ಟು!

ಈ ಸೀಸ-ಆಸಿಡ್ ಬ್ಯಾಟರಿ ಬಹಳ ಹಳೇದು. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಮಾಡಿದ್ದು. ಆಗ ಕಾರೇ ಇರಲಿಲ್ಲ. ಕಾರು ಬಂದ ಮೇಲೂ ಬಹಳ ಕಾಲ ಎಲ್ಲರೂ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುತ್ತಿದ್ದರು. ನಮ್ಮ ಊರಿನ ಹಳೇ ಲಾರಿ ಡ್ರೈವರುಗಳಲ್ಲಿ ಹ್ಯಾಂಡಲ್ ವಾಪಸು ಹೊಡೆದು ಮುಂಗೈ ಮುರಿದುಕೊಂಡವರನ್ನು ನಾನು ಕಂಡಿದ್ದೇನೆ. 1912ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು. ಅಲ್ಲಿಂದ ಕಾರಿನ ಬ್ಯಾಟರಿಯ ಕಸುಬು ಖಾಯಂ ಆಯಿತು: ಒಂದು ಉಸಿರಿಗೆ ಜೋರಾಗಿ ತಳ್ಳುವುದು, ಆಮೇಲೆ ಸುಮ್ಮನಿರುವುದು.

ಒಂದು ಉಸಿರಿಗೆ ಅಷ್ಟು ಕರೆಂಟು ಬರಬೇಕಾದರೆ ಆಸಿಡ್ಡಿಗೆ ತಾಗುವ ಮೈ ಹೆಚ್ಚಿರಬೇಕು. ಅದಕ್ಕೇ ಒಳಗೆ ತೆಳುವಾದ ಪ್ಲೇಟುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ, ಹಪ್ಪಳದ ಕಟ್ಟಿನಂತೆ. ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿಯಲ್ಲಿ ಪ್ಲಸ್ ಪ್ಲೇಟು ಪೆನ್ಸಿಲಿನಂಥ ಕೊಳವೆಗಳ ಸಾಲು, ಒಳಗೆ ಸೀಸದ ಪುಡಿ ತುಂಬಿರುತ್ತದೆ. ಅದು ದಪ್ಪ ರೊಟ್ಟಿ. ಜೋರಾಗಿ ತಳ್ಳಲು ಬಾರದು, ಆದರೆ ತಾಸುಗಟ್ಟಲೆ ಒಂದೇ ಹದದಲ್ಲಿ ಕೊಡುತ್ತದೆ. ಬ್ಯಾಟರಿ ಇಳಿಯುತ್ತಾ ಹೋದಂತೆ ಪ್ಲೇಟಿನ ಮೇಲಿನ ಲೇಪ ಉಬ್ಬುತ್ತದೆ, ತುಂಬಿದಾಗ ಕುಗ್ಗುತ್ತದೆ. ಹಪ್ಪಳ ಹೀಗೆ ಹತ್ತಾರು ಸಲ ಉಬ್ಬಿ ಕುಗ್ಗುವಷ್ಟರಲ್ಲಿ ಲೇಪ ಉದುರಿ ತಳಕ್ಕೆ ಹೋಗುತ್ತದೆ. ಕೊಳವೆಯೊಳಗಿನ ಪುಡಿ ಎಲ್ಲಿಗೆ ಉದುರೀತು? ಸೆಲ್ಫಿನ ಬ್ಯಾಟರಿಯನ್ನು ಪೂರ್ತಿ ಇಳಿಸಿ ತುಂಬಿಸಿದರೆ ಕೆಲವು ಡಜನ್ ಸಲಕ್ಕೆ ಮುಗಿಯುತ್ತದೆ, ಒಳ್ಳೆಯ ಟ್ಯೂಬುಲರ್ ನೂರಾರು ಸಲ ತಾಳುತ್ತದೆ. 35ರ ಜಾಗಕ್ಕೆ 50 ಹಾಕಿದಾಗ ನಾನು ಮಾಡಿದ್ದು ಸಣ್ಣ ಹಪ್ಪಳದ ಕಟ್ಟು ತೆಗೆದು ದೊಡ್ಡ ಹಪ್ಪಳದ ಕಟ್ಟು ಇಟ್ಟಿದ್ದು.

ಇನ್ನೊಂದು ಕಾಯಿಲೆ ಉಂಟು. ಬ್ಯಾಟರಿ ಇಳಿದಾಗ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಅವತ್ತೇ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟುತ್ತದೆ, ಚಿತ್ರದುರ್ಗದ ಕಡೆ ಬೋರ್ ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಹಾಗೆ. ಬೋರ್ ನೀರಿನ ಮಾತು ಬಂತು, ಹೇಳಿಬಿಡುತ್ತೇನೆ: ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡಿ. "ಆರ್.ಓ. ನೀರು ಕುಡಿಯೋಕೇ ಆಗುತ್ತೆ, ಬ್ಯಾಟರಿಗೆ ಆಗಲ್ವಾ?" ಅನ್ನುವವರಿದ್ದಾರೆ. ಆಗಲ್ಲ. ಕುಡಿಯುವ ನೀರಿನಲ್ಲಿ ಲವಣ ಇರಬಹುದು, ಬ್ಯಾಟರಿ ನೀರಿನಲ್ಲಿ ಇರಲೇಬಾರದು.

ಈಗ ಬ್ಯಾಟರಿಯ ಮೈಮೇಲಿನ ಎ.ಎಚ್. ಅಂಕಿಗೆ ಬರೋಣ. 60 ಎ.ಎಚ್. ಅಂದರೆ 60 ಆಂಪಿಯರನ್ನು ಒಂದು ತಾಸು ಕೊಡುತ್ತದೆ ಎಂದು ತಿಳಿಯುವವರು ಬಹಳ. ಕಾರಿನ ಬ್ಯಾಟರಿಯಲ್ಲಿ ಆ ಅಂಕಿ ಬರುವುದು 20 ತಾಸಿನ ಲೆಕ್ಕದಲ್ಲಿ, 3 ಆಂಪಿಯರಿನಂತೆ ನಿಧಾನ ಎಳೆದಾಗ. 30 ಆಂಪಿಯರಿನಂತೆ ಎಳೆದರೆ ಎರಡು ತಾಸು ಬರಬೇಕಿತ್ತಲ್ಲ, ಬರುವುದು ಸುಮಾರು ಒಂದೂಕಾಲು ತಾಸು. ಆತುರದಲ್ಲಿ ಎಳೆದರೆ ಆಸಿಡ್ ಪ್ಲೇಟಿನ ಒಳಕ್ಕೆ ಇಳಿಯುವಷ್ಟರಲ್ಲಿ ವೋಲ್ಟೇಜ್ ಬಿದ್ದುಹೋಗಿರುತ್ತದೆ. ಇನ್ವರ್ಟರ್ ಬ್ಯಾಟರಿಗಳಲ್ಲಿ ಕೆಲವದರ ಮೇಲೆ ಸಿ-10, ಅಂದರೆ ಹತ್ತು ತಾಸಿನ ಲೆಕ್ಕ, ಕೆಲವದರ ಮೇಲೆ ಸಿ-20, ಅಂದರೆ ಇಪ್ಪತ್ತು ತಾಸಿನ ಲೆಕ್ಕ ಎಂದಿರುತ್ತದೆ. ಎರಡನ್ನು ಹೋಲಿಸುವಾಗ ಅದನ್ನೂ ನೋಡಿ. ಹಾಗೆಯೇ ಕಾರಿನ ಬ್ಯಾಟರಿಯ ಮೇಲೆ 38ಬಿ20ಎಲ್ ಎಂದು ಬರೆದಿದ್ದರೆ 38 ಎ.ಎಚ್. ಅಂತ ಓದಬೇಡಿ. 38 ಅದರ ದರ್ಜೆ, 20 ಅದರ ಉದ್ದ ಸೆಂಟಿಮೀಟರಿನಲ್ಲಿ, ಎಲ್ ಅನ್ನುವುದು ಟರ್ಮಿನಲ್ ಯಾವ ಕಡೆ ಇದೆ ಅನ್ನುವುದಕ್ಕೆ. ಅದು ಹೆಚ್ಚುಕಮ್ಮಿ 35 ಎ.ಎಚ್. ಬ್ಯಾಟರಿ. ಎಲ್ ಬದಲು ಆರ್ ತಂದರೆ ಕೇಬಲ್ ಮುಟ್ಟದೆ ಎಳೆದಾಡುತ್ತೀರಿ.

ನಾಯಕನಹಟ್ಟಿ ಜಾತ್ರೆಗೆ ಹೋಗಿ ಬಂದ ಒಂದು ಕುಟುಂಬದ ಕಥೆ ಹೇಳುತ್ತೇನೆ. ಒಂಬತ್ತು ಜನ, ಒಂದು ಡೀಸೆಲ್ ಗಾಡಿ. ಮಾರ್ಚ್ ತಿಂಗಳ ಸೆಕೆ. ರಥೋತ್ಸವ ನೋಡಿ ರಾತ್ರಿ ಗಾಡಿಯಲ್ಲೇ ಮಲಗಿದ್ದಾರೆ. 12 ವೋಲ್ಟಿನ ಎರಡು ಫ್ಯಾನ್, ತಲಾ 15 ವಾಟ್: ಎರಡೂವರೆ ಆಂಪಿಯರ್. ಸಣ್ಣಗೆ ಹಾಡು: ಎರಡು. ಸರದಿಯಲ್ಲಿ ಮೊಬೈಲ್ ಚಾರ್ಜಿಂಗ್: ಒಂದೂವರೆ. ಒಟ್ಟು ಆರು ಆಂಪಿಯರ್, ಎಂಟು ತಾಸು, 48 ಎ.ಎಚ್. ಗಾಡಿಯ ಬ್ಯಾಟರಿ 65 ಎ.ಎಚ್., ವಯಸ್ಸು ಮೂರು ವರ್ಷ. ಹೊಸತಿದ್ದಾಗಿನ 65 ಅಷ್ಟು ಹೊತ್ತಿಗೆ 65 ಆಗಿ ಉಳಿದಿರುವುದಿಲ್ಲ. ಬೆಳಗ್ಗೆ ಐದಕ್ಕೆ ಫೋನು: "ಅಣ್ಣಾರೆ, ಕೀ ತಿರುವಿದ್ರೆ ಉಸುರೇ ಇಲ್ಲ." ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತು ಆ ಊರಲ್ಲಿ ಎಲ್ಲರ ಬಾಯಲ್ಲಿದೆ, "ಮಾಡಿದಷ್ಟು ನೀಡು ಭಿಕ್ಷೆ" ಅಂತ. ಬ್ಯಾಟರಿಯದ್ದೂ ಅದೇ ಶಾಸ್ತ್ರ, ಹಾಕಿದಷ್ಟೇ ಕೊಡುತ್ತದೆ. ಅವರು ಹಾಕಿದ್ದು ಚಳ್ಳಕೆರೆಯಿಂದ ಅಲ್ಲಿಗೆ ಬಂದಷ್ಟು ದಾರಿಯ ಚಾರ್ಜು.

ಆದ್ದರಿಂದ ಅಂಗಡಿಗೆ ಬರುವ ಮೊದಲು ಒಂದು ಚೀಟಿ ಬರೆಯಿರಿ. ಗಾಡಿ ನಿಂತಾಗ ಏನೇನು ಉರಿಯುತ್ತದೆ, ತಲಾ ಎಷ್ಟು ವಾಟ್, ಎಷ್ಟು ತಾಸು. ವಾಟನ್ನು 12ರಿಂದ ಭಾಗಿಸಿ ಆಂಪಿಯರ್, ತಾಸಿನಿಂದ ಗುಣಿಸಿ ಎ.ಎಚ್. ನಡುವೆ ಇನ್ವರ್ಟರ್ ಇದ್ದರೆ ಅದರ ತೇಮಾನಿಗೆ ಹದಿನೈದು ಪರ್ಸೆಂಟ್ ಸೇರಿಸಿ. ಬಂದ ಮೊತ್ತವನ್ನು ಎರಡರಿಂದ ಗುಣಿಸಿ, ಏಕೆಂದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ವಯಸ್ಸಿಗೆಂದು ಇನ್ನೊಂದಿಷ್ಟು ಸೇರಿಸಿ. ಕೀ ತೆಗೆದ ಮೇಲೂ ಗಡಿಯಾರ, ಅಲಾರಂ, ಜಿ.ಪಿ.ಎಸ್. ಒಟ್ಟಾಗಿ 50 ಮಿಲಿ ಆಂಪಿಯರ್ ಕುಡಿಯುತ್ತಿದ್ದರೆ ತಿಂಗಳಿಗೆ 36 ಎ.ಎಚ್. ಆಗುತ್ತದೆ, ಮದುವೆಗೆಂದು ಊರಿಗೆ ಹೋಗಿ ತಿಂಗಳು ಬಿಟ್ಟು ಬಂದವರ ಸಣ್ಣ ಕಾರು ಹತ್ತದಿರುವುದಕ್ಕೆ ಇದೇ ಕಾರಣ.

ಅರ್ಧಕ್ಕೆ ಇಳಿದಿದೆ ಎಂದು ತಿಳಿಯುವುದು ಹೇಗೆ? ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಗಾಡಿ ನಿಂತು ಎರಡು-ಮೂರು ತಾಸು ಆದ ಮೇಲೆ, ಯಾವ ಲೋಡೂ ಇಲ್ಲದೆ ನೋಡಿದಾಗ 12.6ರ ಮೇಲಿದ್ದರೆ ತುಂಬಿದೆ. 12.4 ಮುಕ್ಕಾಲು, 12.2 ಅರ್ಧ, 12ಕ್ಕೆ ಬಂದರೆ ಕಾಲು ಭಾಗ ಉಳಿದಿದೆ. 12 ಅಂತ ಬರೆದಿರುವುದರಿಂದ 12 ತೋರಿಸಿದರೆ ಸರಿಯಿದೆ ಅಂದುಕೊಳ್ಳುತ್ತೀರಿ, ಅಲ್ಲೇ ಮೋಸ ಹೋಗುವುದು. ಓಡಿಸಿ ನಿಲ್ಲಿಸಿದ ಕೂಡಲೇ 12.9 ತೋರಿಸಿದರೂ ನಂಬಬೇಡಿ, ಅದು ಮೇಲಿನ ನೊರೆ.

ಸರಿ, ಯಾವುದನ್ನು ಆರಿಸಬೇಕು? ಮಗಳ ಟ್ಯೂಷನ್ ಬಿಡುವವರೆಗೆ ಅರ್ಧ ತಾಸು ಹಾಡು ಕೇಳುವವರು ಏನೂ ಬದಲಿಸಬೇಕಿಲ್ಲ. ವಾರಕ್ಕೊಮ್ಮೆ ಒಂದೆರಡು ತಾಸು ಎನ್ನುವವರು ಅದೇ ಟ್ರೇಗೆ, ಅದೇ ಕ್ಲಾಂಪಿಗೆ ಕೂರುವಂತಿದ್ದರೆ ಒಂದು ಸೈಜು ದೊಡ್ಡದು ಹಾಕಿಸಿ, ಜೊತೆಗೆ ಲೋ ವೋಲ್ಟೇಜ್ ಕಟಾಫ್ ಹಾಕಿಸಿ. ಲೋಡ್ ಎಳೆಯುತ್ತಿರುವಾಗ ವೋಲ್ಟೇಜ್ 12ರ ಆಸುಪಾಸಿಗೆ ಬಂದ ಕೂಡಲೇ ಅದು ಫ್ಯಾನು, ಹಾಡು ಕಡಿದುಹಾಕಿ ಸೆಲ್ಫಿಗೆ ಉಳಿಸುತ್ತದೆ. ನನ್ನ ಮಟ್ಟಿಗೆ ದೊಡ್ಡ ಬ್ಯಾಟರಿಗಿಂತ ಈ ಸಣ್ಣ ಡಬ್ಬಿಯೇ ಮೇಲು. ಸಿಗ್ನಲ್ಲಿನಲ್ಲಿ ತಾನೇ ಇಂಜಿನ್ ನಿಲ್ಲಿಸುವ ಕಾರುಗಳಿಗೆ ಇ.ಎಫ್.ಬಿ. (ಮಾಮೂಲಿಯದನ್ನೇ ಗಟ್ಟಿ ಮಾಡಿದ್ದು) ಅಥವಾ ಎ.ಜಿ.ಎಂ. (ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿಟ್ಟುಕೊಂಡಿರುವುದು) ಬ್ಯಾಟರಿ ಬಂದಿರುತ್ತದೆ. ಇಳಿದು ಏರುವುದನ್ನು ಅವು ಚೆನ್ನಾಗಿ ತಾಳುತ್ತವೆ. ಅದನ್ನು ತೆಗೆದು ಅಗ್ಗದ ಮಾಮೂಲಿ ಬ್ಯಾಟರಿ ಹಾಕಿಸಬೇಡಿ. ಮಾಮೂಲಿ ಕಾರಿಗೆ ಎ.ಜಿ.ಎಂ. ಹಾಕಿಸಬಹುದೇ ಎಂದರೆ, ಬ್ಯಾಟರಿ ಇಂಜಿನ್ನಿನ ಬಿಸಿಗೆ ಅಂಟಿಕೊಂಡಿದ್ದರೆ ನಾನು ಬೇಡ ಅನ್ನುತ್ತೇನೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬಾನೆಟ್ ಒಳಗೆ ಕೈ ಇಟ್ಟು ನೋಡಿದ್ದೀರಲ್ಲ. ಹತ್ತು ಡಿಗ್ರಿ ಬಿಸಿ ಏರಿದರೆ ಬ್ಯಾಟರಿಯ ಆಯುಸ್ಸು ಹೆಚ್ಚುಕಮ್ಮಿ ಅರ್ಧ.

ದಿನಾ ಮೂರು-ನಾಲ್ಕು ತಾಸು ನಿಂತು ಕೆಲಸ ಮಾಡುವ ಗಾಡಿಗೆ ಎರಡನೇ ಬ್ಯಾಟರಿಯೇ ಬೇಕು. ಸೆಲ್ಫಿನದು ಸೆಲ್ಫಿಗೆ, ಅಂಗಡಿಯದು ಅಂಗಡಿಗೆ. ಮನೆಯ ಇನ್ವರ್ಟರಿನ ಎತ್ತರದ ಟ್ಯೂಬುಲರ್ ತಂದು ಡಿಕ್ಕಿಯಲ್ಲಿಟ್ಟವರನ್ನು ನೋಡಿದ್ದೇನೆ. 150 ಎ.ಎಚ್. ಅಂದರೆ ಐವತ್ತು ಕಿಲೋ ದಾಟುತ್ತದೆ. ರಸ್ತೆಯ ಕುಲುಕಾಟಕ್ಕೆ ಮಾಡಿದ್ದಲ್ಲ, ಉಬ್ಬು ಹಾರಿದಾಗ ಆಸಿಡ್ ಚೆಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮುಚ್ಚಿದ ಜಾಗದಲ್ಲಿ ಗಾಳಿಯ ನಾಲ್ಕು ಪರ್ಸೆಂಟ್ ಆದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಅದರ ಬದಲು ಇ-ರಿಕ್ಷಾದ ಬ್ಯಾಟರಿ ನೋಡಿ. ಒಳಗೆ ದಪ್ಪ ಪ್ಲೇಟು, ಆದರೆ ಗುಂಡಿ ರಸ್ತೆಯಲ್ಲಿ ಓಡಲೆಂದೇ ಮಾಡಿದ್ದು. ಗೂಡ್ಸ್ ಗಾಡಿಯ ತೆರೆದ ಭಾಗದಲ್ಲಿ ಪಟ್ಟಿ ಹಾಕಿ ಬಿಗಿದರೆ ನಡೆಯುತ್ತದೆ. ಎರಡು ಬ್ಯಾಟರಿಯನ್ನು ನೇರ ವೈರ್ ಎಳೆದು ಜೋಡಿಸಬೇಡಿ, ಮುದಿ ಎತ್ತಿಗೂ ಹೋರಿಗೂ ಒಂದೇ ನೊಗ ಹೂಡಿದಂತಾಗುತ್ತದೆ. ನಡುವೆ ಒಂದು ರಿಲೇ ಬೇಕು. ಇಂಜಿನ್ ಓಡಿ ವೋಲ್ಟೇಜ್ 13.3 ದಾಟಿದಾಗ ಅದು ಎರಡನ್ನೂ ಕೂಡಿಸುತ್ತದೆ, 12.8ಕ್ಕೆ ಇಳಿದಾಗ ಬಿಡಿಸುತ್ತದೆ. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಕಂಪ್ಯೂಟರಿನ ಅಪ್ಪಣೆ ಇರುತ್ತದೆ, ಡೀಸೆಲ್ ಉಳಿಸಲು ಅದು ವೋಲ್ಟೇಜನ್ನೇ ಇಳಿಸಿಬಿಡುತ್ತದೆ. ಅಂಥ ಗಾಡಿಗೆ ಬರೀ ರಿಲೇ ಸಾಲದು, ಇಳಿದ ವೋಲ್ಟೇಜನ್ನು ಏರಿಸಿ ಎರಡನೇ ಬ್ಯಾಟರಿಗೆ ಕೊಡುವ ಡಿ.ಸಿ.ಯಿಂದ ಡಿ.ಸಿ. ಚಾರ್ಜರ್ ಹಾಕಬೇಕು.

ಲಾರಿಯವರು ಹಿಂದೆ ಕೂತಿದ್ದೀರಿ, ನಿಮ್ಮದೊಂದು ಬೇರೆಯೇ ತಪ್ಪು. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24. ಟೇಪು, ಫ್ಯಾನು 12 ವೋಲ್ಟಿನವು. ಸುಲಭವಾಯಿತಲ್ಲ ಎಂದು ಒಂದೇ ಬ್ಯಾಟರಿಯಿಂದ ವೈರ್ ಎಳೆಯುತ್ತೀರಿ. ಆ ಬ್ಯಾಟರಿ ದಿನಾ ಇಳಿಯುತ್ತದೆ, ಪಕ್ಕದ್ದು ತುಂಬಿಯೇ ಇರುತ್ತದೆ. ಚಾರ್ಜ್ ಆಗುವಾಗ ಎರಡಕ್ಕೂ ಒಂದೇ ಕರೆಂಟು ಹರಿಯಬೇಕು. ಇಳಿದದ್ದು ತುಂಬುವುದೇ ಇಲ್ಲ, ತುಂಬಿದ್ದು ಕುದಿದು ನೀರು ಒಣಗುತ್ತದೆ. ಒಂದರ ತಪ್ಪಿಗೆ ಎರಡೂ ಸಾಯುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಹಾಕಿಸಿ.

ವೈರಿನ ವಿಷಯ. ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸುವುದೇ ಬೇಡ, ಡ್ಯಾಂ ತುಂಬಿದ್ದರೂ ತಮ್ಮ ಗದ್ದೆಗೆ ನೀರು ಬಂದಿಲ್ಲ ಎಂದು ಪ್ರತಿ ಬೇಸಿಗೆ ಹೇಳುವವರು ಅವರು. ಬ್ಯಾಟರಿಯಿಂದ ನಾಲ್ಕು ಮೀಟರ್ ದೂರದ ಹಿಂಭಾಗಕ್ಕೆ 2.5 ಎಂಎಂ ತಾಮ್ರದ ವೈರ್ ಎಳೆದು 20 ಆಂಪಿಯರ್ ಹರಿಸಿದರೆ, ಹೋಗಿ ಬರುವ ದಾರಿಯಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಸೋರುತ್ತದೆ. ಬ್ಯಾಟರಿಯಲ್ಲಿ 12.3 ಇರುವಾಗಲೇ ಇನ್ವರ್ಟರ್ 11 ಎಂದು ಕಂಡು ಕೂಗಲು ಶುರು ಮಾಡುತ್ತದೆ. ನೀವು ಬ್ಯಾಟರಿ ಬದಲಿಸುತ್ತೀರಿ. ಬದಲಿಸಬೇಕಾದ್ದು ವೈರು. ಫ್ಯೂಸನ್ನು ಬ್ಯಾಟರಿಯ ಬುಡದಲ್ಲೇ ಹಾಕಿ. ಹಿಂದಿನ ಸೀಟಿನ ಬಳಿ ಹಾಕಿದರೆ ನಡುವಿನ ವೈರು ಗಾಡಿಯ ಲೋಹದ ಮೈಗೆ ತಾಗಿದಾಗ ಕಾಪಾಡುವವರಿಲ್ಲ.

ಚಾರ್ಜಿಂಗ್ ಬಗ್ಗೆ ಒಂದು ಭ್ರಮೆ ಇದೆ: ಒಂದು ಸುತ್ತು ಹೊಡೆದು ಬಂದರೆ ತುಂಬುತ್ತದೆ ಅನ್ನುವುದು. ಹರಿಹರಕ್ಕೆ ಹೋಗಿ ಬಂದರೆ ಅರ್ಧ ಇಳಿದ ಬ್ಯಾಟರಿ ತುಂಬುವುದಿಲ್ಲ. ಚಿತ್ರದುರ್ಗಕ್ಕೆ ಒಂದು ತಾಸು ಓಡಿಸಿದರೂ ಪೂರ್ತಿ ತುಂಬುವುದಿಲ್ಲ. ಸೀಸದ ಬ್ಯಾಟರಿ ಮುಕ್ಕಾಲು ಭಾಗ ಬೇಗ ಕುಡಿಯುತ್ತದೆ, ಕೊನೆಯ ಪಾಲಿಗೆ ಗುಟುಕು ಗುಟುಕಾಗಿ ತಾಸುಗಟ್ಟಲೆ ತೆಗೆದುಕೊಳ್ಳುತ್ತದೆ. ಗಾಡಿ ನಿಲ್ಲಿಸಿ ಇಂಜಿನ್ ಓಡಿಸಿಟ್ಟರೆ ಐಡಲಿನಲ್ಲಿ ಆಲ್ಟರ್ನೇಟರ್ ಕೊಡುವುದು ಅದರ ಶಕ್ತಿಯ ಒಂದು ಭಾಗ ಮಾತ್ರ, ಸುಡುವುದು ದುಡ್ಡು. ಇಂಜಿನ್ ಓಡಿಸಿಕೊಂಡು ಗಾಡಿಯೊಳಗೆ ಮಲಗುವುದಂತೂ ಬೇಡವೇ ಬೇಡ. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಹಳೇ ಬ್ಯಾಟರಿಯನ್ನು ಅಂಗಡಿಗೇ ವಾಪಸು ಕೊಡಿ, ಸೀಸಕ್ಕೆ ಬೆಲೆ ಇದೆ, ಬಿಲ್ಲಿನಲ್ಲಿ ಕಡಿಮೆಯಾಗುತ್ತದೆ. 2022ರಲ್ಲಿ ಬ್ಯಾಟರಿ ತ್ಯಾಜ್ಯಕ್ಕೆ ಹೊಸ ನಿಯಮ ಬಂದಿದೆ. ಗುಜರಿಯವರು ಆಸಿಡ್ಡನ್ನು ಚರಂಡಿಗೆ ಚೆಲ್ಲಿ ಸೀಸ ಬಿಚ್ಚುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಪಕ್ಕದಲ್ಲೇ ಮಕ್ಕಳು ಆಡುತ್ತಿದ್ದರು.

ಕೊನೆಗೆ ಪ್ರಶ್ನೆ ಕೇಳಿದವರು ಸಂಜೆ ನರ್ಗಿಸ್ ಮಂಡಕ್ಕಿ, ಮೆಣಸಿನಕಾಯಿ ಮಾರುವ ವ್ಯಾನಿನ ಅಕ್ಕ. "ಅಣ್ಣಾರೆ, ನನಗೆ ಯಾವ್ದು ಹಾಕಿಸ್ತೀರಿ, ಅದನ್ನಷ್ಟು ಹೇಳ್ರಿ." ಚೀಟಿ ಅಲ್ಲೇ ಬರೆದೆವು. ಹತ್ತು ವಾಟಿನ ಮೂರು ಎಲ್.ಇ.ಡಿ., 15 ವಾಟಿನ ಒಂದು ಫ್ಯಾನ್. ಸುಮಾರು ನಾಲ್ಕು ಆಂಪಿಯರ್, ಐದು ತಾಸಿಗೆ 20 ಎ.ಎಚ್. ಚಟ್ನಿಗೆ 500 ವಾಟಿನ ಮಿಕ್ಸಿ, ಇನ್ವರ್ಟರ್ ಮೂಲಕ. ಅದೊಂದೇ 48 ಆಂಪಿಯರ್ ಎಳೆಯುತ್ತದೆ. ಇಡೀ ಸಂಜೆಗೆ ಹತ್ತು ನಿಮಿಷ ಅಂದರೂ 8 ಎ.ಎಚ್. ಒಟ್ಟು 28, ಎರಡರಷ್ಟು 56, ವಯಸ್ಸಿಗೆ ಸೇರಿಸಿದರೆ 80ರ ಸೀಸದ ಬ್ಯಾಟರಿ. ತೂಕ ಇಪ್ಪತ್ತೈದು ಕಿಲೋ ಸಮೀಪ.

"ಮನೆಯಿಂದ ಗಾಡಿ ಹಚ್ಚೋ ಜಾಗ ಎಷ್ಟು ದೂರ?" ಅಂದೆ. "ಎರಡು ಕಿಲೋಮೀಟ್ರು." ಅಷ್ಟು ದೂರಕ್ಕೆ ಆಲ್ಟರ್ನೇಟರ್ ಏನೂ ತುಂಬುವುದಿಲ್ಲ, ರಾತ್ರಿ ಮನೆಯ ಕರೆಂಟಿಗೇ ಹಾಕಬೇಕು. ಗಾಡಿ ಓಣಿಯಲ್ಲಿ ನಿಲ್ಲುತ್ತದಂತೆ, ಪ್ಲಗ್ ಇರುವುದು ಮಹಡಿಯ ಮೇಲೆ. ಇಪ್ಪತ್ತೈದು ಕಿಲೋ ಹೊತ್ತು ದಿನಾ ಮೆಟ್ಟಿಲು ಹತ್ತುವವರು ಯಾರು?

ಹಾಗಾಗಿ ಇವರಿಗೆ ನಾನು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹೇಳಿದೆ. ಎಲ್ಲರಿಗೂ ಹೇಳುವುದಿಲ್ಲ, ದುಡ್ಡು ಜಾಸ್ತಿ. ಆದರೆ ಎಂಬತ್ತು ಪರ್ಸೆಂಟ್ ಇಳಿಸಿದರೂ ಅದು ಬೇಸರಿಸುವುದಿಲ್ಲ, ಸಾವಿರಾರು ಸಲ ತಾಳುತ್ತದೆ. 50 ಎ.ಎಚ್.ನದು ಏಳು ಕಿಲೋ ಆಸುಪಾಸು. ಮಿಕ್ಸಿ ಶುರುವಾಗುವ ಏಟಿಗೆ ಮಾತ್ರ ಅದರೊಳಗಿನ ರಕ್ಷಣೆಯ ಸರ್ಕ್ಯೂಟ್ ಕಟ್ ಆಗಬಹುದು.

"ಚಟ್ನಿ ಮನ್ಯಾಗೇ ರುಬ್ಬಿಕೊಂಡು ಬರ್ತೀನಿ ಬಿಡ್ರಿ," ಅಂದರು ಅಕ್ಕ. "ಹೊರಗ ರುಬ್ಬಿದ್ರ ಹೆಂಗೂ ಧೂಳು ಬೀಳ್ತೈತಿ."

ಹಾಗಾದರೆ 20 ಎ.ಎಚ್.ಗೆ 50 ಧಾರಾಳ. ಲಿಥಿಯಂಗೆ ಅದರದೇ ಚಾರ್ಜರ್ ಬೇಕು ಅಕ್ಕ, 14.6ಕ್ಕೆ ನಿಲ್ಲುವಂಥದ್ದು. ಮನೆಯಲ್ಲಿರುವ ಹಳೇ ಚಾರ್ಜರ್ ಚುಚ್ಚಬೇಡಿ. ಪ್ಲಸ್ ಮೈನಸ್ ಅದಲುಬದಲಾಗದ ಹಾಗೆ ಒಂದೇ ಕಡೆಗೆ ಕೂರುವ ಕನೆಕ್ಟರ್ ಹಾಕಿಕೊಡುತ್ತೇನೆ. ಮೆಟ್ಟಿಲು ಇಳಿಸಿ ತರುವಾಗ ಟರ್ಮಿನಲ್ ಮೇಲೆ ರಬ್ಬರ್ ಮುಚ್ಚಳ ಇರಲಿ. ಬಾಣಲೆ, ಜಾಲರಿ ಸೌಟು ಇರುವ ಚೀಲದಲ್ಲಿ ಮಾತ್ರ ಅದನ್ನು ಹಾಕಬೇಡಿ.